ಬಂದವರೊಟ್ಟಿಗೆ ಆಡಿದ ತಂಡ

ಕೆಲವು ವರ್ಷಗಳ ಹಿಂದೆ ಉತ್ತರ ಪತ್ರಿಕೆ ತಿದ್ದುವ ಕೆಲಸಕ್ಕೆಂದು ಮೂಡಬಿದಿರೆಗೆ ಹೋಗಿದ್ದೆ. ಮಧ್ಯಾಹ್ನದ ಊಟವಾದ ಮೇಲೆ ಕಣ್ಣು ಎಳೆಯುತ್ತಿತ್ತು. ನಿದ್ದೆ ಓಡಿಸಲೆಂದು ಕಟ್ಟಡದ ಹಿಂಬದಿಗೆ ಒಂದು ಸುತ್ತು ಹೋದರೆ ಅಲ್ಲಿ ಬಾಸ್ಕೆಟ್‌ಬಾಲ್ ಅಂಗಣದ ಗೆರೆಗಳಿಗೆ ಹೊಸದಾಗಿ ಬಣ್ಣ ಬಳಿಯುತ್ತಿದ್ದರು. ಬಿಸಿಲಿಗೆ ಕಾದ ಸಿಮೆಂಟು, ಅದರ ಮೇಲೆ ಹಸಿ ಪೈಂಟು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಿದ್ದೆ ಹಾರಿಹೋಯಿತು. ಇಂಥದ್ದೇ ವಾಸನೆಯ ಒಂದು ದಿನ, ಇದೇ ಅಂಗಣದ ಬದಿಯಲ್ಲಿ ಇಟ್ಟಿದ್ದ ಮೇಜಿನ ಮೇಲೆ ಬಗ್ಗಿ ನಾನೊಂದು ಸಹಿ ಹಾಕಿದ್ದೆ. ಮೇಷ್ಟರಗಿತ್ತಿಯಾಗಿ ಈವರೆಗೆ ಎಷ್ಟು ಸಹಿ ಹಾಕಿದ್ದೇನೋ ದೇವರಿಗೇ ಗೊತ್ತು. ನೆನಪಿನಲ್ಲಿ ಉಳಿದಿರುವುದು ಅದೊಂದೇ.

ಅದು ತೊಂಬತ್ತೇಳನೇ ಇಸವಿ. ಎಂ.ಎಸ್ಸಿ. ಮುಗಿಸಿ ಬೆಳ್ತಂಗಡಿ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿಯಾಗಿ ಸೇರಿದ್ದೆ. ಮನೆ ಬಂಟ್ವಾಳ ಪೇಟೆಯಲ್ಲಿ. ದಿನಾ ಬೆಳಿಗ್ಗೆ ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಹೋಗುವ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸು. ಬಸ್ಸಿಳಿದವಳು ನೇರ ಮನೆಗೆ ಹೋಗುತ್ತಿರಲಿಲ್ಲ, ಅಪ್ಪನ ಟೈಲರ್ ಅಂಗಡಿಗೆ ಹೋಗುತ್ತಿದ್ದೆ. ಕಾರಣ, ಆ ಹೊತ್ತಿಗೆ ಅಲ್ಲಿ ಜಗಳ ಶುರುವಾಗಿರುತ್ತಿತ್ತು. ಜಗಳವೆಂದರೆ ನನಗೆ ಆಗ ಬಹಳ ಇಷ್ಟ.

ಜಗಳ ಮೂಡಬಿದಿರೆಯ ಒಂದು ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ್ದು. ಆ ತಂಡ ಹಿಂದಿನ ಎರಡು ವರ್ಷ ಸೋತಿರಲಿಲ್ಲ. ಆ ವರ್ಷವೂ ಸೋಲುವ ಲಕ್ಷಣ ಇರಲಿಲ್ಲ. ಗೆದ್ದ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದರೂ ಬಂಟ್ವಾಳದಲ್ಲಿ ಅದನ್ನು ಓದುವವರಿದ್ದರು. ತಂಡದ ನಾಯಕಿ ಶಕುಂತಲಾ ನೇತ್ರಾವತಿ ಹೊಳೆಯಾಚೆಯ ಪಾಣೆಮಂಗಳೂರಿನವಳು. ತಾಯಿ ಅಂಗನವಾಡಿಯಲ್ಲಿ ಕೆಲಸಕ್ಕಿದ್ದರು, ತಂದೆ ಇರಲಿಲ್ಲ. ಆ ಎತ್ತರದ ಹುಡುಗಿ ಬೆಳಿಗ್ಗೆ ಸೇತುವೆಯ ಮೇಲೆ ನಡೆದು ಬಸ್ಸಿಗೆ ಹೋಗುವಾಗ ಎರಡೂ ದಂಡೆಯವರು ಅವಳನ್ನು ತಮ್ಮವಳೆಂದು ಹೇಳಿಕೊಳ್ಳುತ್ತಿದ್ದರು.

ಹಾಗೆ ಹೇಳಿಕೊಳ್ಳುವವರಲ್ಲಿ ಮೊದಲಿಗರು ಹಮೀದಾಕ. ಅಪ್ಪನ ಅಂಗಡಿಯ ಎದುರೇ ಅವರ ಅಕ್ಕಿ ಅಂಗಡಿ. ಹದಿನಾಲ್ಕು ವರ್ಷ ಕುವೈತಿನಲ್ಲಿದ್ದು ಬಂದವರು, ಅಲ್ಲಿ ಕಂಪೆನಿಗಳ ನಡುವಿನ ಬಾಸ್ಕೆಟ್‌ಬಾಲ್ ನೋಡಿದವರು. ಹಾಗಾಗಿ ಆ ಆಟದ ವಿಷಯದಲ್ಲಿ ಇಡೀ ಪೇಟೆಗೆ ಅವರದ್ದೇ ಕೊನೆಯ ಮಾತು. ಆ ಕೊನೆಯ ಮಾತನ್ನು ಒಪ್ಪದವರು ಒಬ್ಬರೇ, ನನ್ನ ಅಪ್ಪ.

ಅಪ್ಪನ ತಕರಾರಿಗೆ ಒಂದು ಹಿನ್ನೆಲೆ ಇತ್ತು. ಮೊದಲು ಆ ಕಾಲೇಜಿನ ಆಟದ ಅಂಗಿಗಳನ್ನು ಹೊಲಿಯುತ್ತಿದ್ದದ್ದು ಅಪ್ಪನೇ. ಬೆನ್ನ ಮೇಲಿನ ಅಂಕಿಗಳನ್ನು ಬಟ್ಟೆಯಲ್ಲಿ ಕತ್ತರಿಸಿ, ಅಂಚು ಮಡಚಿ, ಎಂಟರ ಹೊಟ್ಟೆ ಎಲ್ಲೂ ಸೊಟ್ಟಗಾಗದ ಹಾಗೆ ಹೊಲಿಯುವುದರಲ್ಲಿ ಅವರದ್ದು ಎತ್ತಿದ ಕೈ. ಆಮೇಲೆ ಮಂಗಳೂರಿನಲ್ಲಿ ನೈಲಾನಿನ ರೆಡಿಮೇಡ್ ಅಂಗಿ ಸಿಗತೊಡಗಿತು, ಕಾಲೇಜಿನವರು ಅತ್ತ ಹೋದರು. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದರ ಬದಲು ಆ ತಂಡದ ಗೆಲುವುಗಳ ಬಗ್ಗೆ ಆಡತೊಡಗಿದರು.

"ಗೆದ್ದದ್ದು ಹೌದು. ಆದರೆ ಯಾರನ್ನು? ಅದು ಹೇಳಿ ಹಮೀದಾಕ" ಎನ್ನುತ್ತಿದ್ದರು. ಮಾತೆಲ್ಲ ತುಳುವಿನಲ್ಲೇ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎದುರು ಬಂದವರನ್ನು" ಎನ್ನುತ್ತಿದ್ದರು ಹಮೀದಾಕ.

"ಎದುರು ಬಂದವರಿಗೆ ಚೆಂಡು ಹಿಡೀಲಿಕ್ಕೆ ಗೊತ್ತುಂಟಾ? ನಾಳೆ ನಾನೂ ನೀವೂ ಬನಿಯನ್ ಹಾಕಿ ನಿಂತರೂ ಪತ್ರಿಕೆಯಲ್ಲಿ ಬರ್ತದೆ, ಮೂಡಬಿದಿರೆಗೆ ಭರ್ಜರಿ ಜಯ ಅಂತ."

"ಸಂಜೀವಣ್ಣ, ದುರ್ಬಲರನ್ನು ಎರಡು ಪಾಯಿಂಟಲ್ಲಿ ಗೆಲ್ಲುವುದು ಬೇರೆ, ಐವತ್ತು ಪಾಯಿಂಟಲ್ಲಿ ಗೆಲ್ಲುವುದು ಬೇರೆ. ಐವತ್ತರಲ್ಲಿ ಗೆಲ್ಲಬೇಕಾದರೆ ಒಳಗೆ ಸರಕು ಬೇಕು ಮಾರಾಯ್ರೆ."

ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಕೆಳಗಿನ ಪೇಟೆಗೆ ನೀರು ಬಂತು. ಪ್ರತಿ ವರ್ಷದಂತೆ ಹೊಲಿಗೆ ಮೆಷಿನ್ನುಗಳ ತಲೆಗಳನ್ನು ಬಿಚ್ಚಿ ಅಟ್ಟಕ್ಕೆ ಏರಿಸಿದೆವು. ಹಮೀದಾಕನ ಅಕ್ಕಿ ಮೂಟೆಗಳೂ ನಮ್ಮ ಅಟ್ಟಕ್ಕೇ ಬಂದವು. ಅಂಗಡಿಯೊಳಗೆ ಮೊಣಕಾಲು ಮಟ್ಟದ ಕೆಂಪು ನೀರು. ಇಬ್ಬರೂ ಮೆಟ್ಟಿಲ ಮೇಲೆ ಲುಂಗಿ ಎತ್ತಿ ಕಟ್ಟಿ ಕೂತು ಅದೇ ಜಗಳವನ್ನು ಮುಂದುವರಿಸಿದ್ದರು. ಅವರ ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ನನಗೆ ಆ ದಿನ ಬುದ್ಧಿವಂತಿಕೆ ತೋರಿಸುವ ಚಪಲ ಹತ್ತಿತು. ಅಪ್ಪ ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಒಂದು ಪಟ್ಟಿ ಮಾಡಿದೆ. ಮೂಡಬಿದಿರೆಯವರು ಆಡಿದ ತಂಡಗಳು ಯಾವುವು, ಆ ತಂಡಗಳು ಬೇರೆ ಯಾರ ಮೇಲೆ ಗೆದ್ದಿವೆ, ಹಾಗೆ ಸೋತವರಾದರೂ ಯಾರನ್ನು ಸೋಲಿಸಿದ್ದಾರೆ ಎಂದು ಮೂರು ಕಾಲಮ್ಮು. ಪಂದ್ಯಗಳು ನಡೆದಂತೆ ತುಂಬಿಸುತ್ತ ಹೋದೆ. ನವೆಂಬರಿನ ಹೊತ್ತಿಗೆ ಆ ವರ್ಷದ್ದೇ ಹನ್ನೊಂದು ಗೆಲುವುಗಳಿದ್ದವು. ಎದುರಾಳಿಗಳು ಗೆದ್ದದ್ದೆಲ್ಲ ತಮ್ಮತಮ್ಮೊಳಗೇ. ಪುತ್ತೂರಿನವರು ಕಾರ್ಕಳದವರನ್ನು, ಕಾರ್ಕಳದವರು ಮತ್ತೊಬ್ಬರನ್ನು, ಆ ಮತ್ತೊಬ್ಬರು ಪುತ್ತೂರಿನವರನ್ನು.

"ನೋಡಿ ಹಮೀದಾಕ, ಬಾವಿಯೊಳಗೇ ಸುತ್ತು ಹೊಡೀತಾ ಇದ್ದಾರೆ" ಎಂದೆ.

ಹಮೀದಾಕ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಕೆಳಗಿನವರೆಗೂ ಓದಿದರು. "ಟೀಚರ್, ಈ ಕೊನೆಯ ತಂಡ ನಿಮ್ಮ ಕಾಲೇಜಿನದ್ದಲ್ವಾ?" ಎಂದು ಕೇಳಿದರು.

ಹೌದು, ಪಟ್ಟಿಯ ತಳದಲ್ಲಿ ಇದ್ದದ್ದು ನಮ್ಮ ಕಾಲೇಜೇ.

ನಮ್ಮಲ್ಲಿ ಬಾಸ್ಕೆಟ್‌ಬಾಲ್ ಅಂಗಣವೇ ಇರಲಿಲ್ಲ. ಆದರೂ ತಂಡ ಇತ್ತು. ಅದು ಹೇಗೆಂದರೆ, ನಮ್ಮ ಸೀಮೆಯ ಕಾಲೇಜುಗಳ ನಡುವೆ ಆಗ ಮದುವೆಮನೆಯ ಮುಯ್ಯಿಯಂಥ ಒಂದು ಪದ್ಧತಿ ನಡೆದುಬಂದಿತ್ತು. ನಾವು ಕಬಡ್ಡಿ ಪಂದ್ಯಾಟ ಇಟ್ಟಾಗ ಅವರು ಒಂದು ತಂಡ ಕಳಿಸಬೇಕು, ಅವರು ಬಾಸ್ಕೆಟ್‌ಬಾಲ್ ಇಟ್ಟಾಗ ನಾವೊಂದು ಕಳಿಸಬೇಕು. ಆಟ ಬರುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ತಂಡಗಳು ಸಾಕಷ್ಟು ಬರದಿದ್ದರೆ ನಡೆಸುವವರಿಗೆ ಮರ್ಯಾದೆ ಪ್ರಶ್ನೆ. ನಮ್ಮ ಪಿ.ಡಿ. ಸರ್, ಎಂದರೆ ದೈಹಿಕ ಶಿಕ್ಷಣದ ಮೇಷ್ಟರು, ತ್ರೋಬಾಲ್ ಆಡುವ ಹುಡುಗಿಯರನ್ನೇ ಸಾಲಾಗಿ ನಿಲ್ಲಿಸಿ "ನೀವು ಬಾಸ್ಕೆಟ್‌ಬಾಲ್ ತಂಡ ಕೂಡ" ಎಂದು ಹೇಳಿಬಿಟ್ಟಿದ್ದರು. ಹುಡುಗಿಯರ ಜೊತೆ ಹೆಂಗಸೊಬ್ಬಳು ಹೋಗಬೇಕಲ್ಲ. ಹೊಸಬಳು, ತಾತ್ಕಾಲಿಕದವಳು, ಇಲ್ಲ ಎನ್ನುವ ಧೈರ್ಯ ಇಲ್ಲದವಳು ನಾನೊಬ್ಬಳೇ ಇದ್ದೆ.

ಸೆಪ್ಟೆಂಬರಿನಲ್ಲಿ ಮೊದಲ ಸಲ ಮೂಡಬಿದಿರೆಯಲ್ಲಿ ಆಡಿದಾಗ ಏನಾಯಿತೆಂಬುದನ್ನು ಹೇಳಲೇಬೇಕು. ತ್ರೋಬಾಲಿನಲ್ಲಿ ಚೆಂಡು ಕೈಗೆ ಬಂದೊಡನೆ ಬಿಸಾಡಬೇಕು, ಇಟ್ಟುಕೊಂಡರೆ ತಪ್ಪು. ನಮ್ಮ ಹುಡುಗಿಯರ ಮೈಗೆ ಅದೇ ಹತ್ತಿಬಿಟ್ಟಿತ್ತು. ಚೆಂಡು ಕೈಗೆ ಸಿಕ್ಕಿದ್ದೇ ಯಾರಿದ್ದಾರೆ ಎಲ್ಲಿದ್ದಾರೆ ಎಂದು ನೋಡದೆ ಬೀಸಿ ಒಗೆಯುತ್ತಿದ್ದರು. ನೆಲಕ್ಕೆ ಕುಟ್ಟುತ್ತ ಮುಂದೆ ಹೋಗುವ ಆಲೋಚನೆಯೇ ಅವರಿಗೆ ಬರಲಿಲ್ಲ. ಒಗೆದ ಚೆಂಡುಗಳನ್ನೆಲ್ಲ ಶಕುಂತಲಾ ತೋಟದಲ್ಲಿ ಬಿದ್ದ ತೆಂಗಿನಕಾಯಿ ಹೆಕ್ಕುವ ಹಾಗೆ ಹೆಕ್ಕಿ ಬುಟ್ಟಿಗೆ ಹಾಕಿದಳು. ಅರವತ್ತನಾಲ್ಕು – ಎರಡು. ಆ ಎರಡು ಅಂಕ ನಮ್ಮ ಲವೀನಾ ಎಂಬ ಹುಡುಗಿಯದ್ದು, ಅದೂ ಬೇರೆ ಯಾರಿಗೋ ಒಗೆದ ಚೆಂಡು ದಾರಿ ತಪ್ಪಿ ಬುಟ್ಟಿಯ ಬಳೆಯೊಳಗೆ ಇಳಿದದ್ದು. ಸುತ್ತ ಕೂತ ವಿದ್ಯಾರ್ಥಿಗಳು ಹೊಟ್ಟೆ ಹಿಡಿದು ನಕ್ಕರು. ನಗದೆ ಇದ್ದವಳು ಶಕುಂತಲಾ ಒಬ್ಬಳೇ ಎಂಬುದನ್ನು ನಾನು ಆಗ ಗಮನಿಸಿದ್ದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ.

ಡಿಸೆಂಬರಿನಲ್ಲಿ ವಲಯ ಮಟ್ಟದ ಪಂದ್ಯಾಟ ಬಂತು. ವರ್ಷದ ಕೊನೆಯ, ಎಲ್ಲಕ್ಕಿಂತ ಮುಖ್ಯವಾದ ಪಂದ್ಯಾಟ. ನಡೆದದ್ದು ಮೂಡಬಿದಿರೆಯಲ್ಲೇ. ಗುರುವಾಯನಕೆರೆ, ವೇಣೂರು ದಾರಿಯಾಗಿ ನಾವು ಬೆಳಿಗ್ಗೆ ಎಂಟೂವರೆಗೇ ತಲುಪಿದೆವು. ಅಂಗಣದ ಗೆರೆಗಳಿಗೆ ಹಿಂದಿನ ದಿನವಷ್ಟೇ ಬಣ್ಣ ಬಳಿದಿದ್ದರು, ಚಪ್ಪಲಿಗೆ ಅಂಟುತ್ತಿತ್ತು. ಏಳು ತಂಡ ಬರಬೇಕಾಗಿದ್ದಲ್ಲಿ ಬಂದದ್ದು ನಾಲ್ಕು. ಯಾರು ಯಾರೊಡನೆ ಆಡಬೇಕೆಂದು ನಿರ್ಧರಿಸಲು ಚೀಟಿ ಎತ್ತಿಸಿದರು. ನಮ್ಮ ಪರವಾಗಿ ಎತ್ತಿದವಳು ನಾನೇ. ಬಿಡಿಸಿ ನೋಡಿದರೆ ಮೂಡಬಿದಿರೆ.

ನಮ್ಮ ಆಟ ಮಧ್ಯಾಹ್ನದ ಮೇಲೆ ಇತ್ತು. ಬೆಳಗ್ಗಿನ ಪಂದ್ಯ ನೋಡುತ್ತ ಕೂತಿದ್ದಾಗ ಹಿಂದಿನ ಸಾಲಿನಲ್ಲಿ ಇಬ್ಬರು ಹುಡುಗರು ಮಾತಾಡಿಕೊಳ್ಳುವುದು ಕೇಳಿಸಿತು. "ಊಟ ಮಾಡಿಯೇ ನೋಡ್ಲಿಕ್ಕೆ ಬರುವ ಮಾರಾಯ, ಬೆಳ್ತಂಗಡಿಯವರ ತ್ರೋಬಾಲ್ ಉಂಟು." ನಮ್ಮ ಹುಡುಗಿಯರೂ ಕೇಳಿಸಿಕೊಂಡರು. ಇಬ್ಬರು ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ನಾನು ಮಾಡಿದ್ದನ್ನು ಹುಡುಗಿಯರ ಮೇಲಿನ ಕರುಣೆಯಿಂದ ಮಾಡಿದೆ ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ ಸತ್ಯ. ಉಳಿದರ್ಧ ಆ ಪಟ್ಟಿ. ಇವರ ಪೊಳ್ಳು ಗೆಲುವುಗಳ ಸಾಲಿಗೆ ಇನ್ನೊಂದನ್ನು ನನ್ನ ಕೈಯಾರೆ ಸೇರಿಸಬೇಕೇ ಎಂಬ ಹಠ ಹುಟ್ಟಿತು. ನಾವು ಆಡದಿದ್ದರೆ ಇವರು ಯಾರನ್ನು ಗೆಲ್ಲುತ್ತಾರೆ ನೋಡುವ ಎಂದುಕೊಂಡೆ. ಎದ್ದು ಮೇಜಿನ ಬಳಿ ಹೋದೆ. ತಂಡ ಅಂಗಣಕ್ಕೆ ಇಳಿಯುವುದಿಲ್ಲ, ಎದುರಾಳಿಗೆ ವಾಕೋವರ್ ಕೊಡುತ್ತಿದ್ದೇವೆ ಎಂದು ಬರೆದು ಸಹಿ ಹಾಕಿದೆ.

ಅಲ್ಲಿದ್ದ ಮೂಡಬಿದಿರೆಯ ತರಬೇತುದಾರರು ವಯಸ್ಸಾದವರು. "ಮೇಡಂ, ಐದು ನಿಮಿಷ ಆದ್ರೂ ಇಳಿಸಿ. ಬೇಕಾದ್ರೆ ಆಮೇಲೆ ನಿಲ್ಲಿಸುವ" ಎಂದರು.

"ಬೇಡ ಸರ್. ನಮ್ಮ ಮಕ್ಕಳು ಯಾರ ಮನರಂಜನೆಗೂ ಬಂದದ್ದಲ್ಲ."

ಈ ಮಾತು ಹೇಳಿದಾಗ ನನಗೆ ನನ್ನ ಮೇಲೇ ಬಹಳ ಅಭಿಮಾನ ಉಕ್ಕಿತು. ವಾಪಸು ಬಂದು ಹುಡುಗಿಯರಿಗೆ ತಿಳಿಸಿದೆ. ಐದಾರು ಮುಖಗಳು ಹಗುರಾದವು. ಶೂ ಲೇಸು ಬಿಗಿಯುತ್ತಿದ್ದ ಲವೀನಾ ಮಾತ್ರ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಮೇಡಂ, ನಾವು ಆಡ್ಲಿಕ್ಕೆ ಅಲ್ವಾ ಬಂದದ್ದು?"

"ಮೊನ್ನೆ ಎಷ್ಟರಲ್ಲಿ ಸೋತದ್ದು ನೆನಪುಂಟಾ ನಿನಗೆ?"

"ಉಂಟು. ಆಮೇಲೆ ನಾನು ಚೆಂಡು ಕುಟ್ಟುವ ಡ್ರಿಬ್ಲಿಂಗ್ ಕಲ್ತಿದ್ದೇನೆ ಮೇಡಂ. ಚರ್ಚಿನ ಅಂಗಳದಲ್ಲಿ, ದಿನಾ."

ನಾನು ಊಟಕ್ಕೆ ಹೊತ್ತಾಯಿತು ಎಂದೆ. ಬಂದ ತಂಡಗಳಿಗೆಂದು ಮಾಡಿಸಿದ್ದ ಅನ್ನ ಸಾರು ಪಲ್ಯ ಉಂಡು, ಆಡದ ಮೈಯಲ್ಲಿ ಇಸ್ತ್ರಿ ಕೆಡದ ಅಂಗಿ ಹಾಕಿಕೊಂಡು ನಾವು ವೇಣೂರಿನ ಬಸ್ಸು ಹತ್ತಿದೆವು. ಲವೀನಾ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆ ಸಂಜೆ ಅಪ್ಪನ ಅಂಗಡಿಯಲ್ಲಿ ನನಗೆ ದೊಡ್ಡ ಮರ್ಯಾದೆ. "ಅಂತೂ ಒಬ್ಬರಾದ್ರೂ ಮುಖದ ಮೇಲೆ ಹೇಳಿದ್ರಲ್ಲ" ಎಂದು ಅಪ್ಪ ಗೋಳಿಬಜೆ ತರಿಸಿದರು. ಹಮೀದಾಕ ಒಂದನ್ನು ಕೈಗೆತ್ತಿಕೊಂಡು ತಿನ್ನದೆ ಕೂತರು. "ಟೀಚರ್, ಆಟಕ್ಕೆ ಹೋಗಿ ಆಡದೆ ಬರ್ಲಿಕ್ಕೆ ಆಗ್ತದಾ?" ಎಂದಷ್ಟೇ ಕೇಳಿ ಎದ್ದು ಹೋದರು. ಮರುದಿನ ಪತ್ರಿಕೆಯಲ್ಲಿ ಮೂಡಬಿದಿರೆ ಚಾಂಪಿಯನ್ ಎಂದಿತ್ತು. ನಮ್ಮ ಪಂದ್ಯ ನಿಯಮದ ಪ್ರಕಾರ ಇಪ್ಪತ್ತು – ಸೊನ್ನೆ ಎಂದು ದಾಖಲಾಗಿತ್ತು. ಸೆಪ್ಟೆಂಬರಿಗಿಂತ ಕಡಿಮೆ ಅಂತರದಲ್ಲಿ ಸೋತಿದ್ದೇವೆ ಎಂದು ನಾನು ತಮಾಷೆ ಮಾಡಿದ್ದೂ ಉಂಟು.

ಜನವರಿಯ ಮೂರನೇ ವಾರ ಇರಬೇಕು. ಸಂಜೆ ಅಂಗಡಿಗೆ ಶಕುಂತಲಾ ಬಂದಳು. ಅಂಗಿ ಹೊಲಿಸಲು ಬಂದಿರಬಹುದೆಂದು ಅಪ್ಪ ಟೇಪು ಕೈಗೆತ್ತಿಕೊಂಡರು. ಅವಳು ಚೀಲದಿಂದ ಒಂದು ಲಕೋಟೆ ತೆಗೆದು ನನ್ನ ಕೈಗೆ ಕೊಟ್ಟಳು. ಕ್ರೀಡಾಪಟುಗಳಿಗೆಂದು ಮೀಸಲಿಟ್ಟ ಒಂದು ಸರಕಾರಿ ಗುಮಾಸ್ತೆ ಹುದ್ದೆಗೆ ಅವಳು ಅರ್ಜಿ ಹಾಕಿದ್ದಳು. ಅರ್ಜಿ ವಾಪಸು ಬಂದಿತ್ತು. ಕಾರಣವನ್ನು ಒಂದೇ ಸಾಲಿನಲ್ಲಿ ಟೈಪು ಮಾಡಿದ್ದರು. ಅರ್ಜಿ ಹಾಕುವ ವರ್ಷದ ವಲಯ ಪಂದ್ಯಾಟದ ಪ್ರಶಸ್ತಿಪತ್ರವೇ ಬೇಕು, ಅದು ಲೆಕ್ಕಕ್ಕೆ ಬರಬೇಕಾದರೆ ಕನಿಷ್ಠ ನಾಲ್ಕು ತಂಡಗಳು ಅಂಗಣಕ್ಕಿಳಿದು ಆಡಿರಬೇಕು, ಈ ಪಂದ್ಯಾಟದಲ್ಲಿ ಆಡಿದ ತಂಡಗಳು ಮೂರು.

ಓದಿ ಮುಗಿಸಿ ಕಾಗದವನ್ನು ಮಡಚಿದೆ. "ನನಗೆ ಇದು ಗೊತ್ತಿರ್ಲಿಲ್ಲ" ಎಂದೆ.

"ನನಗೂ ಗೊತ್ತಿರ್ಲಿಲ್ಲ ಮೇಡಂ. ನಮ್ಮ ಕೋಚ್ ಸರ್‌ಗೆ ಗೊತ್ತಿತ್ತು. ಅದಕ್ಕೇ ಐದು ನಿಮಿಷ ಇಳಿಸಿ ಅಂತ ಹೇಳಿದ್ದಂತೆ."

"ನಾವು ಆಡಿದ್ದೇವೆ ಅಂತ ಬೇಕಾದರೆ ಒಂದು ಪತ್ರ ಬರೆದು ಕೊಡ್ತೇನೆ."

"ಬೇಡ. ನಿಮ್ಮದೇ ಸಹಿ ಉಂಟಲ್ಲ ಅಲ್ಲಿ" ಎಂದಳು. ಆಮೇಲೆ, "ನಾನು ಕಾಗದಕ್ಕೆ ಬಂದದ್ದಲ್ಲ. ಯಾಕೆ ಆಡ್ಲಿಲ್ಲ ಅಂತ ಕೇಳುವ ಅಂತ ಬಂದೆ" ಎಂದಳು.

ಅಲ್ಲಿ ನಾನು ಇನ್ನೊಂದು ಮೂರ್ಖತನ ಮಾಡಿದೆ. ಅಳತೆ ಪುಸ್ತಕ ಬಿಡಿಸಿ ಅವಳ ಮುಂದಿಟ್ಟೆ. ನನ್ನ ವಾದವನ್ನು ನೋಡಿದರೆ ಅವಳಿಗೆ ಅರ್ಥವಾದೀತು ಎಂದು ಆ ಕ್ಷಣಕ್ಕೆ ನಿಜವಾಗಿಯೂ ಅನ್ನಿಸಿತ್ತು. ಅವಳು ನಿಂತೇ ಮೂರೂ ಕಾಲಮ್ಮು ಓದಿದಳು.

"ಇದು ಸರಿ ಉಂಟು ಮೇಡಂ" ಎಂದಳು. "ಇದು ನಮಗೂ ಗೊತ್ತು. ಮೈಸೂರಿಗೆ, ಬೆಂಗಳೂರಿಗೆ ಎಲ್ಲ ಸರ್ ಕಾಗದ ಬರೆದಿದ್ದಾರೆ, ಆಡ್ಲಿಕ್ಕೆ ಬನ್ನಿ ಅಂತ. ಯಾರೂ ಬರ್ಲಿಲ್ಲ. ನಾವು ಬರ್ತೇವೆ ಅಂದರೆ ಅದಕ್ಕೂ ಉತ್ತರ ಇಲ್ಲ. ಬಂದವರೊಟ್ಟಿಗೆ ಆಡಿದ್ದು ನಾವು. ಬರದವರನ್ನು ಎಲ್ಲಿಂದ ತರುವುದು?"

ಅಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡು ಮೆಷಿನ್ನಿನ ಎಣ್ಣೆ ಒರೆಸುವ ನೆಪದಲ್ಲಿ ಅತ್ತ ತಿರುಗಿದರು. ಯಾರು ಯಾರನ್ನು ಗೆದ್ದರೆಂದು ಐದು ತಿಂಗಳು ಲೆಕ್ಕ ಹಾಕಿದ್ದ ನಾನು, ಆ ಪಟ್ಟಿಯಲ್ಲಿ ಇದ್ದ ತಂಡಗಳೆಲ್ಲ ಬಸ್ಸು ಹತ್ತಿ ಬಂದು ಅಂಗಣಕ್ಕೆ ಇಳಿದವು ಎಂಬುದನ್ನು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

"ಈಗ ಆಡಿದರೆ ಏನಾದ್ರೂ ಪ್ರಯೋಜನ ಉಂಟಾ?" ಎಂದು ಕೇಳಿದೆ. ಕೇಳುವಾಗಲೇ ಪೆದ್ದು ಪ್ರಶ್ನೆ ಅನ್ನಿಸಿತು.

"ಕಾಗದಕ್ಕೆ ಇಲ್ಲ" ಎಂದಳು ಶಕುಂತಲಾ. "ಆದರೆ ಬನ್ನಿ. ಆಡುವ."

ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ ನಾವು ಹೋದೆವು. ಪಿ.ಡಿ. ಸರ್ ಬರಲಿಲ್ಲ, ಅದು ಯಾವ ಪಂದ್ಯಾಟವೂ ಅಲ್ಲವಲ್ಲ. ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ಅಪ್ಪ ಮತ್ತು ಹಮೀದಾಕ ಕೂಡ ಅಂಗಡಿ ಮುಚ್ಚಿ ಬಂದಿದ್ದರು. ಆಗ ನನಗೆ ಹೊಳೆದ ಒಂದು ಸಂಗತಿ ಇದೆ. ಅವರಿಬ್ಬರೂ ಆ ತಂಡ ಆಡುವುದನ್ನು ಅದಕ್ಕೆ ಮೊದಲು ಒಂದೇ ಒಂದು ಸಲವೂ ನೋಡಿರಲಿಲ್ಲ. ವರ್ಷಗಟ್ಟಲೆ ನಡೆದ ಜಗಳವೆಲ್ಲ ಪತ್ರಿಕೆಯ ನಾಲ್ಕು ಸಾಲಿನ ಮೇಲೆ. ಕುವೈತಿನ ಆಟ ಕಂಡಿದ್ದ ಹಮೀದಾಕನಿಗೆ ಇಪ್ಪತ್ತು ಕಿಲೋಮೀಟರಿನಾಚೆಯ ಆಟ ಕಂಡಿರಲಿಲ್ಲ.

ಶಕುಂತಲಾ ನಮಗೆ ಒಂದಿಷ್ಟೂ ರಿಯಾಯಿತಿ ತೋರಿಸಲಿಲ್ಲ. ಮೊದಲ ಹತ್ತು ನಿಮಿಷದಲ್ಲೇ ಇಪ್ಪತ್ತನಾಲ್ಕು ಅಂಕ ಹೋಯಿತು. ಚೆಂಡು ಅವಳ ಕೈಯಿಂದ ಹೊರಡುವ ಮೊದಲೇ ಅವಳ ಜೊತೆಯವಳು ಅದು ಬೀಳುವ ಜಾಗಕ್ಕೆ ಓಡಿರುತ್ತಿದ್ದಳು. ಐವರೂ ಒಬ್ಬರನ್ನೊಬ್ಬರು ನೋಡದೆಯೇ ಆಡುತ್ತಿದ್ದರು. ಎದುರಿಗಿದ್ದವರು ನಾವೋ ಇನ್ನಾರೋ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಪ್ಪ ಮೆಟ್ಟಿಲ ಮೇಲೆ ಕೂತವರು ನಿಧಾನವಾಗಿ ಮುಂದಕ್ಕೆ ಬಾಗಿದರು.

ನಮ್ಮವರೂ ಸುಮ್ಮನಿರಲಿಲ್ಲ. ಲವೀನಾ ಚೆಂಡನ್ನು ಕುಟ್ಟುತ್ತ ಕುಟ್ಟುತ್ತ ಮೂವರನ್ನು ದಾಟಿ ಹೋಗಿ ಬುಟ್ಟಿಗೆ ಹಾಕಿದಳು. ಚರ್ಚಿನ ಅಂಗಳದಲ್ಲಿ ದಿನಾ ಕಲಿತದ್ದು ಅಷ್ಟೂ ಆ ಓಟದಲ್ಲಿತ್ತು. ಆಮೇಲೆ ಇನ್ನೂ ಮೂರು ಸಲ ಹಾಕಿದಳು. ಕೊನೆಗೆ ಅರವತ್ತೊಂದು – ಹನ್ನೊಂದು. ನಗುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ನಗುತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

"ಸಂಜೀವಣ್ಣ, ಈಗ ಹೇಳಿ" ಎಂದರು ಹಮೀದಾಕ. ಗೆದ್ದ ದನಿಯೇನೂ ಅಲ್ಲ.

"ಏನು ಹೇಳುವುದು? ಬೆಂಗಳೂರಿನವರು ಬರದೆ ಇದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು" ಎಂದರು ಅಪ್ಪ.

ಶಕುಂತಲಾಳಿಗೆ ಆ ಹುದ್ದೆ ಸಿಗಲಿಲ್ಲ. ಅದು ಅವಳ ಕೊನೆಯ ವರ್ಷವಾಗಿತ್ತು, ಮತ್ತೊಂದು ವಲಯ ಪಂದ್ಯಾಟ ಅವಳ ಪಾಲಿಗೆ ಇರಲಿಲ್ಲ. ಮುಂದೆ ಮಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರಾದಳು, ವರ್ಷವರ್ಷವೂ ಆದೇಶ ಹೊಸದಾಗಿ ಬರುವ ಕೆಲಸ. ನನಗೆ ಎರಡು ಸಾವಿರದ ಇಸವಿಯಲ್ಲಿ ಕೆಲಸ ಖಾಯಂ ಆಯಿತು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಇರಲು ನಾನು ಪ್ರಯತ್ನಿಸಿದ್ದೇನೆ, ಆಗುವುದಿಲ್ಲ.

ಆ ಶನಿವಾರ ಆಟ ಮುಗಿದ ಮೇಲೆ ಹುಡುಗಿಯರೆಲ್ಲ ನಳ್ಳಿಯ ಬಳಿ ಮುಖ ತೊಳೆಯುತ್ತಿದ್ದರು. ಶಕುಂತಲಾ ಲವೀನಾಳ ಕೈ ಹಿಡಿದು ಮಣಿಕಟ್ಟು ಹೇಗೆ ತಿರುಗಿಸಬೇಕೆಂದು ತೋರಿಸಿಕೊಡುತ್ತಿದ್ದಳು. ನಾನು ಹತ್ತಿರ ಹೋಗಿ, ಇಷ್ಟು ದಿನ ಬಾಯಿಗೆ ಬಾರದಿದ್ದ ಮಾತನ್ನು ಹೇಳಿದೆ. ನನ್ನಿಂದ ದೊಡ್ಡ ತಪ್ಪಾಯಿತು, ನಮ್ಮ ಮಕ್ಕಳು ಮತ್ತೊಮ್ಮೆ ಹಾಗೆ ಸೋಲುವುದನ್ನು ನೋಡಲು ನನ್ನಿಂದ ಆಗಲಿಲ್ಲ ಎಂದೆ.

ಅವಳು ಆಟದ ಅಂಗಿಯ ತೋಳಿನಲ್ಲೇ ಮುಖ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

"ನೀವು ಗೆಲ್ಲಬೇಕು ಅಂತ ಇರ್ಲಿಲ್ಲ ಮೇಡಂ" ಎಂದಳು. "ಬಂದು ಸೋತಿದ್ದರೆ ಸಾಕಿತ್ತು ನನಗೆ."